ಹೀಟ್‌ಸಿಂಕಿನಡಿಯ ಕುಂಕುಮ

“ಒರೆಸ್ಬೇಡ ಕಿಟ್ಟಿ!”

ಅತ್ತಿಗೆ ಕೂಗಿದ ರಭಸಕ್ಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ನನ್ನ ಕೈಯಿಂದ ಜಾರಿ ಮೇಜಿನ ಕೆಳಗೆ ಬಿತ್ತು. ತಿಲಕ್ ನಗರದ ನನ್ನ ಅಂಗಡಿಯಲ್ಲಿ ಅಷ್ಟು ಜೋರಾಗಿ ಕೂಗುವ ಹಕ್ಕಿರುವುದು ಎರಡೇ ಜೀವಗಳಿಗೆ. ಒಂದು, ಎದುರಿನ ಕೋಳಿ ಅಂಗಡಿಯ ಹುಂಜ. ಇನ್ನೊಂದು, ನಮ್ಮಣ್ಣನ ಹೆಂಡತಿ ಪಂಕಜಾ.

“ಹಳೇ ಪೇಸ್ಟ್ ಒರೆಸ್ದೆ ಹೊಸ ಹೀಟ್‌ಸಿಂಕ್ ಹೆಂಗ್ ಕೂರಿಸ್ಲಿ ಅತ್ತಿಗೆ?”

“ಕೂರಿಸೋದು ಆಮೇಲೆ. ಮೊದ್ಲು ಕೈ ಹಿಂದಕ್ಕೆ ತಗೋ.”

ತೆಗೆದುಕೊಂಡೆ. ವರ್ಷಗಟ್ಟಲೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ, ಬೇಸರವಾಗಿ ಕೆಲಸ ಬಿಟ್ಟು, ಜಯನಗರದಲ್ಲಿ ಪತ್ತೇದಾರಿ ಕಚೇರಿ ತೆರೆದವರು ನಮ್ಮತ್ತಿಗೆ. ಕಾಲೇಜು ಬಿಟ್ಟರೂ ಆ ದನಿಯನ್ನು ಬಿಟ್ಟಿಲ್ಲ. ಕಂಪ್ಯೂಟರಿನ ಕೇಸು ಬಂದಾಗ ಮಾತ್ರ ಅವರಿಗೆ ರಿಪೇರಿ ಅಂಗಡಿಯ ಮೈದುನನ ನೆನಪಾಗುತ್ತದೆ. ಇತ್ತೀಚೆಗೆ ಅಂಥ ಕೇಸುಗಳೇ ಜಾಸ್ತಿಯಾಗಿರುವುದರಿಂದ ನನಗೇನೂ ದೂರಿಲ್ಲ.

ಮೇಜಿನ ಮೇಲಿದ್ದದ್ದು ಜೆ.ಪಿ. ನಗರದ ಆನಿಮೇಷನ್ ಸ್ಟುಡಿಯೋ ಒಂದರ ಗ್ರಾಫಿಕ್ಸ್ ಕಾರ್ಡ್. ಯಾರೋ ಅದರೊಳಗಿನ ಬೋರ್ಡನ್ನೇ ಬದಲಾಯಿಸಿದ್ದರು, ಆ ಕಳ್ಳತನ ಅಲ್ಲಿ ಕೆಲಸಕ್ಕಿದ್ದ ಸಿದ್ಧಾರ್ಥನ ತಲೆಗೆ ಸುತ್ತಿಕೊಂಡಿತ್ತು. ಇವತ್ತು ಸಂಜೆಯೊಳಗೆ ನಾವು ಬೇರೆ ದಾರಿ ತೋರಿಸದಿದ್ದರೆ ಸ್ಟುಡಿಯೋ ಮಾಲೀಕ ವಸಿಷ್ಠ ಪೊಲೀಸರಿಗೆ ದೂರು ಕೊಡುವುದೆಂದು ತೀರ್ಮಾನವಾಗಿತ್ತು.

ಈ ಕಾರ್ಡೆಂಬುದು ಪರದೆಯ ಮೇಲೆ ಚಿತ್ರ ಮೂಡಿಸುವ ಯಂತ್ರ. ಒಳಗಿನ ಬೋರ್ಡಿನ ನಡುವೆ ಒಂದು ಚಿಪ್ಪಿರುತ್ತದೆ, ಕೆಲಸಕ್ಕೆ ಕೂತರೆ ದೋಸೆ ಹೆಂಚಿನ ಹಾಗೆ ಕಾಯುತ್ತದೆ. ಅದರ ಬಿಸಿಯನ್ನು ಹೀರಿಕೊಳ್ಳಲು ಮೇಲೆ ಒಂದು ಲೋಹದ ಗಟ್ಟಿ, ಅದೇ ಹೀಟ್‌ಸಿಂಕ್. ಎರಡರ ನಡುವೆ ಬೂದು ಬಣ್ಣದ ಪೇಸ್ಟ್. ಎಲ್ಲದರ ಮೇಲೆ ಗಾಳಿ ಬೀಸುವ ಫ್ಯಾನುಗಳು.

ದಸರಾ ಹಬ್ಬಕ್ಕೆ ಎಷ್ಟೋ ಮುಂಚೆ ಈ ಕಾರ್ಡು ಬಿಸಿಯಾಗುತ್ತಿದೆಯೆಂದು ಸಿದ್ಧಾರ್ಥನೇ ಮಾಲೀಕರನ್ನು ಕೇಳಿ ಬಿಚ್ಚಿ, ಪೇಸ್ಟ್ ಬದಲಾಯಿಸಿ ಮುಚ್ಚಿದ್ದ. ಆಮೇಲೆ ಅದು ಚೆನ್ನಾಗಿಯೇ ಓಡಿತ್ತು. ದಸರಾ ರಜೆ ಮುಗಿಸಿ ಬಂದು ಸ್ವಿಚ್ ಹಾಕಿದರೆ ಪರದೆ ಬೆಳಗಿದಂತೆ ಮಾಡಿ ಕಪ್ಪಾಯಿತು. ಸರ್ವಿಸ್ ಸೆಂಟರಿನವರು ಬಿಚ್ಚದೆಯೇ ಆಗುವುದಿಲ್ಲವೆಂದು ವಾಪಸು ಕೊಟ್ಟರು. ಹಿಂಬದಿಯ ತಗಡಿನ ಮೇಲಿನ ನಂಬರೇ ಬೇರೆ, ಒಳಗಿನ ಬೋರ್ಡಿನ ಅಂಚಿನಲ್ಲಿದ್ದ ನಂಬರೇ ಬೇರೆ. ಒಳ್ಳೆಯ ಬೋರ್ಡನ್ನು ಯಾರೋ ಎತ್ತಿಕೊಂಡು, ಸವೆದು ಹೋದ ಇನ್ನೊಂದಕ್ಕೆ ಇದರ ಹೀಟ್‌ಸಿಂಕ್ ತೊಡಿಸಿ ಇಟ್ಟಿದ್ದರು.

ಕಾರ್ಡನ್ನು ಬಿಚ್ಚಿದವನೆಂದು ಎಲ್ಲರಿಗೂ ಗೊತ್ತಿದ್ದದ್ದು ಒಬ್ಬನೇ. ಅವತ್ತು ಪೇಸ್ಟ್ ಹಾಕುವ ನೆಪದಲ್ಲೇ ಬೋರ್ಡ್ ಎತ್ತಿದ, ಹಾಕಿಟ್ಟ ಹಳೆಯ ಬೋರ್ಡು ಇಷ್ಟು ದಿನ ಹೇಗೋ ಓಡಿ ಈಗ ಸತ್ತಿತು ಎಂಬುದು ವಸಿಷ್ಠರ ವಾದ.

ನನಗೆ ಸಿದ್ಧಾರ್ಥ ಗೊತ್ತು. ಹೊಸಕೆರೆಹಳ್ಳಿಯ ಹುಡುಗ, ಪೇಸ್ಟ್, ಸ್ಕ್ರೂ, ವೈರು ಎಂದು ಆಗಾಗ ನನ್ನ ಅಂಗಡಿಗೆ ಬರುತ್ತಾನೆ. ಬಂದವನು ನನ್ನ ಮೇಜಿನ ಧೂಳು ನೋಡಿ ಮುಖ ಕಿವಿಚುತ್ತಾನೆ, ನಾನು ಬೈದರೆ ನಗುತ್ತಾನೆ. ಅವನನ್ನು ಅತ್ತಿಗೆಯ ಹತ್ತಿರ ಕರೆದುಕೊಂಡು ಹೋದವನೂ ನಾನೇ. ಒಂದು ಸಲ ಸ್ಟೇಷನ್ ಮೆಟ್ಟಿಲು ಹತ್ತಿದನೆಂದರೆ ಈ ಊರಿನ ಯಾವ ಸ್ಟುಡಿಯೋವೂ ಅವನನ್ನು ಬಾಗಿಲ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ನನಗೆ ಬಹಳ ಸಂಕಟದ ವಿಷಯವಾಗಿತ್ತು.

“ಇಲ್ಲಿ ನೋಡು,” ಎಂದರು ಅತ್ತಿಗೆ.

ನಾನು ಆಗತಾನೇ ಸ್ಕ್ರೂ ಬಿಚ್ಚಿ, ಹೀಟ್‌ಸಿಂಕನ್ನು ಮೆಲ್ಲಗೆ ತಿರುವಿ ಎತ್ತಿ, ಮಗುಚಿ ಇಟ್ಟಿದ್ದೆ. ಅದರ ತಾಮ್ರದ ತಳಕ್ಕೆ ಪೇಸ್ಟ್ ಮೆತ್ತಿಕೊಂಡಿತ್ತು. ಬೂದು ಬಣ್ಣದ ಮೂಲೆಯಲ್ಲಿ ಒಂದು ಕೆಂಪು ಕಲೆ. ಬೆರಳ ತುದಿಯಷ್ಟು.

“ತುಕ್ಕಿರ್ಬೇಕು.”

“ತಾಮ್ರಕ್ಕೆ ಕೆಂಪು ತುಕ್ಕು ಹಿಡಿಯುತ್ತೇನೋ? ನಿಂಗೆ ಪಾಸ್ ಮಾಡ್ಸಿದ್ ಮೇಷ್ಟ್ರು ಯಾರೋ?”

ಆಗ ನೆನಪಾಯಿತು, ಚಿಪ್ಪಿನ ಮೇಲಿದ್ದ ಪೇಸ್ಟನ್ನು ನಾನು ಆಗಲೇ ಫಳಫಳ ಒರೆಸಿಯಾಗಿತ್ತು. ಹೀಟ್‌ಸಿಂಕ್ ಎತ್ತಿದ ಕೂಡಲೇ ಹಳೆಯ ಪೇಸ್ಟ್ ಒರೆಸುವುದು ನಮ್ಮ ಕಸುಬಿನವರ ಕೈಗೆ ಅಂಟಿದ ಚಟ. ಮೇಜಿನ ಕೆಳಗೆ ಬಗ್ಗಿ ಹತ್ತಿಯನ್ನು ಎತ್ತಿ ನೋಡಿದೆ. ಅದರಲ್ಲೂ ನಸುಗೆಂಪು.

“ಅರ್ಧ ಸಾಕ್ಷಿ ಒರೆಸಾಕ್ಬಿಟ್ಟಿದೀಯ. ಇನ್ನರ್ಧ ನನ್ ಪುಣ್ಯಕ್ಕೆ ಉಳ್ಕೊಂಡಿದೆ,” ಎಂದರು ಅತ್ತಿಗೆ. “ಹೋಗಿ ಪಕ್ಕದ ಟೀ ಅಂಗಡೀಲಿ ಒಂದು ನಿಂಬೆಹಣ್ಣು ಇಸ್ಕೊಂಡ್ ಬಾ.”

“ತಲೆ ತಿರುಗ್ತಿದ್ಯಾ ಅತ್ತಿಗೆ? ಜ್ಯೂಸೇ ತರ್ತೀನಿ.”

“ನಿಂಬೆಹಣ್ಣು ಅಂದೆ.”

ತಂದೆ. ಅತ್ತಿಗೆ ಸೂಜಿಯ ಮೊನೆಯಲ್ಲಿ ಆ ಕೆಂಪನ್ನು ಚೂರೇ ಚೂರು ಕೆರೆದು ಬಿಳಿಯ ಕಾಗದದ ಮೇಲಿಟ್ಟು, ಮೇಲೆ ಒಂದು ತೊಟ್ಟು ರಸ ಹಿಂಡಿದರು. ಕೆಂಪು ಕರಗುತ್ತಾ ಹೋಗಿ, ನೋಡನೋಡುತ್ತಲೇ ಹಳದಿಯಾಯಿತು.

ಅತ್ತಿಗೆಯ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಅಣ್ಣನ ಮದುವೆಯ ಫೋಟೋದಲ್ಲೂ ನೋಡಿಲ್ಲ.

“ಅರಿಶಿನ ಕಣೋ ಇದು. ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗುತ್ತೆ, ಹುಳಿ ಹಾಕಿದ್ರೆ ತಿರ್ಗ ಹಳದಿಯಾಗುತ್ತೆ. ಮನೇಲಿ ಮಾಡಿದ ಕುಂಕುಮ. ಅಂಗಡಿ ಕುಂಕುಮ ಬರೀ ಬಣ್ಣ, ಅದು ಹಿಂಗೆ ತಿರುಗಲ್ಲ.”

“ಕುಂಕುಮ ಅಲ್ಯಾಕೆ ಬರುತ್ತೆ ಅತ್ತಿಗೆ?”

“ನೀನೇ ಹೇಳು. ಹೀಟ್‌ಸಿಂಕ್ ಬಿಗಿ ಮಾಡಿದ್ಮೇಲೆ ಅದರಡಿಗೆ ಏನಾದ್ರೂ ಹೋಗೋಕೆ ಸಾಧ್ಯನಾ?”

“ಚಾನ್ಸೇ ಇಲ್ಲ. ಗಾಳಿನೂ ಹೋಗಲ್ಲ.”

“ಅಂದ್ರೆ ಇದನ್ನ ಬಿಚ್ಚಿ ಹಾಕಿದವ್ರ ಬೆರಳಲ್ಲಿ ಕುಂಕುಮ ಇತ್ತು. ಸ್ಟುಡಿಯೋದವ್ರ ಬೆರಳಿಗೆ ಕುಂಕುಮ ಯಾವತ್ತು ಬರುತ್ತೆ?”

ನನ್ನ ಮೈ ಜುಂ ಎಂದಿತು. ಆಯುಧ ಪೂಜೆ! ನಮ್ಮ ಕಡೆ ಅವತ್ತು ಸ್ಕೂಟರಿನಿಂದ ಹಿಡಿದು ಮಿಕ್ಸಿಯ ತನಕ ಎಲ್ಲದಕ್ಕೂ ಕುಂಕುಮ. ನನ್ನ ಅಂಗಡಿಯ ಮೌಸುಗಳಿಗೆ ಇನ್ನೂ ಬೊಟ್ಟು ಹೋಗಿಲ್ಲ, ಗಿರಾಕಿಗಳು ಮುಟ್ಟಲು ಹಿಂಜರಿಯುತ್ತಾರೆ.

“ಅತ್ತಿಗೆ, ಸಿದ್ಧಾರ್ಥ ಪೇಸ್ಟ್ ಹಾಕಿದ್ದು ಹಬ್ಬಕ್ಕೆ ಎಷ್ಟೋ ಮುಂಚೆ! ಹಬ್ಬಕ್ಕೆ ಅವನು ಊರಲ್ಲೇ ಇರ್ಲಿಲ್ಲ, ನಾಗಪುರಕ್ಕೆ ಹೋಗಿದ್ದ!”

“ಕೂಗ್ಬೇಡ. ಹುಂಜಕ್ಕೆ ಬೇಜಾರಾಗುತ್ತೆ.”

ಸಿದ್ಧಾರ್ಥನ ಮನೆಯವರು ಬೌದ್ಧರು. ಪ್ರತಿ ವಿಜಯದಶಮಿಗೆ ಧಮ್ಮದೀಕ್ಷೆಯ ದಿನವೆಂದು ಮನೆಮಂದಿಯೆಲ್ಲ ನಾಗಪುರಕ್ಕೆ ಹೋಗುತ್ತಾರೆ. ಈ ಸಲವೂ ಆಯುಧ ಪೂಜೆಗೆ ಮುಂಚೆಯೇ ಅವನು ರಜೆ ಹಾಕಿದ್ದ. ರೈಲಿನ ಟಿಕೆಟ್ಟನ್ನು ನಮಗೆ ತೋರಿಸಿದ್ದ, ಅಪ್ಪ ಅಮ್ಮನ ಹೆಸರಿನ ಜೊತೆ ಅವನ ಹೆಸರೂ ಇತ್ತು. ಅವನು ಕೆಲಸಕ್ಕೆ ವಾಪಸು ಬರುವ ಹೊತ್ತಿಗೆ ಕಾರ್ಡು ಕೆಟ್ಟು ಸರ್ವಿಸ್ ಸೆಂಟರ್ ಸೇರಿತ್ತು.

“ಬೆರಳಚ್ಚು ಸಿಗುತ್ತಾ ಅತ್ತಿಗೆ?”

“ಒತ್ತಿ ಹರಡೋಗಿದೆ. ಗೆರೆ ಉಳಿದಿಲ್ಲ. ಇನ್ನೇನಾದ್ರೂ ಕಾಣ್ಸುತ್ತಾ ನೋಡು, ಈ ಸಲ ಮುಟ್ಟದೆ ನೋಡು.”

ನೋಡಿದೆ, ನನ್ನ ಕಣ್ಣಿಗೂ ಒಂದು ಬಿತ್ತು. ಚಿಪ್ಪಿನ ಸುತ್ತಲಿನ ಸಣ್ಣ ತುಣುಕುಗಳ ಮೇಲೆ ಮೆತ್ತನೆಯ ಪಟ್ಟಿಗಳನ್ನು ಅಂಟಿಸುತ್ತೇವೆ, ಅವುಗಳ ಬಿಸಿಯೂ ಹೀಟ್‌ಸಿಂಕಿಗೆ ಹೋಗಲೆಂದು. ಹೊಸ ಪಟ್ಟಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತದೆ, ಹೊಸ ಮೊಬೈಲಿನ ಗಾಜಿನ ಮೇಲಿರುವಂತೆ. ಅದನ್ನು ಸುಲಿದೇ ಕೂರಿಸಬೇಕು. ಇಲ್ಲಿ ಪೊರೆ ಹಾಗೆಯೇ ಇತ್ತು. ಅದರಿಂದಾಗಿ ಹೀಟ್‌ಸಿಂಕು ಓರೆಯಾಗಿ ಕೂತು, ಚಿಪ್ಪಿಗೆ ಸರಿಯಾಗಿ ಒತ್ತಿರಲೇ ಇಲ್ಲ, ನಡುವಿನ ಸಂದಿಯಲ್ಲೆಲ್ಲ ಪೇಸ್ಟ್ ದಪ್ಪಗೆ ತುಂಬಿಕೊಂಡಿತ್ತು.

“ಥೂ, ಯಾರೋ ಅವಸರದವನ ಕೆಲಸ ಇದು,” ಎಂದೆ. “ಸಿದ್ಧಾರ್ಥ ಪ್ರಾಣ ಹೋದ್ರೂ ಹಿಂಗೆ ಮಾಡಲ್ಲ. ಅತ್ತಿಗೆ, ಹಂಗಾದ್ರೆ ಈ ಬೋರ್ಡ್ ಸತ್ತೇ ಇಲ್ಲ! ಬಿಸಿ ತಡೀಲಾರ್ದೆ ತಾನೇ ಆಫ್ ಆಗ್ತಿದೆ!”

“ಹಂಗಾದ್ರೆ ಎಬ್ಬಿಸು.”

ಹಳೆಯ ಹೀಟ್‌ಸಿಂಕನ್ನು ಅತ್ತಿಗೆ ತಮ್ಮ ಸ್ಟೀಲಿನ ಊಟದ ಡಬ್ಬಿಗೆ ಹಾಕಿಕೊಳ್ಳಲು ನೋಡಿದರು, ಅದು ಹಿಡಿಸಲಿಲ್ಲ. ಚಿತ್ರಾನ್ನದ ಡಬ್ಬಿ ಖಾಲಿ ಮಾಡಿಸಿದ್ದಷ್ಟೇ ನನಗೆ ಲಾಭ. ಕೊನೆಗೆ ನನ್ನ ಬಳಿಯಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನು ಜೋಪಾನವಾಗಿ ಮಲಗಿಸಿದರು.

ನಾನು ಅದೇ ಮಾದರಿಯ ಹೊಸ ಹೀಟ್‌ಸಿಂಕ್ ತೆಗೆದೆ. ಕಾಳಿನಷ್ಟು ಪೇಸ್ಟನ್ನು ಚಿಪ್ಪಿನ ನಡುವೆ ಇಟ್ಟೆ, ಅದು ತಾನಾಗಿಯೇ ಹರಡಿಕೊಳ್ಳುತ್ತದೆ. ಪಟ್ಟಿ ಕತ್ತರಿಸಿ, ಪೊರೆ ಸುಲಿದು, ಸುಲಿದದ್ದನ್ನು ಅತ್ತಿಗೆಗೆ ತೋರಿಸಿ ಅಂಟಿಸಿದೆ. ಹೀಟ್‌ಸಿಂಕನ್ನು ನೆಟ್ಟಗೆ ಇಳಿಸಿ, ಈ ಮೂಲೆಯ ಸ್ಕ್ರೂ ಒಂದಿಷ್ಟು, ಎದುರು ಮೂಲೆಯದು ಒಂದಿಷ್ಟು ಎಂದು ತಿರುವುತ್ತಾ ಬಂದೆ. ಒಂದೇ ಕಡೆ ಬಿಗಿದರೆ ಚಿಪ್ಪು ಬಿರುಕು ಬಿಡುತ್ತದೆ. ಈ ಕೆಲಸ ಮಾಡುವಾಗ ನಾನು ಯಾರ ಮಾತೂ ಕೇಳುವುದಿಲ್ಲ, ಅತ್ತಿಗೆಯೂ ಆಗ ಮಾತಾಡುವುದಿಲ್ಲ. ಅದು ನನಗೆ ಬಹಳ ಇಷ್ಟವಾದ ಹೊತ್ತು.

ಫ್ಯಾನಿನ ವೈರು ಸಿಕ್ಕಿಸಿ ಸ್ವಿಚ್ ಹಾಕಿದೆ. ಫ್ಯಾನು ತಿರುಗಿತು. ಪರದೆ ಬೆಳಗಿತು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಬೆಳಗಿದ್ದು ಆರಲಿಲ್ಲ.

“ಸಖತ್!” ಎಂದೆ.

“ಸದ್ಯ,” ಎಂದರು ಅತ್ತಿಗೆ, ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ. “ನಡಿ, ಜೆ.ಪಿ. ನಗರಕ್ಕೆ.”

ಸ್ಟುಡಿಯೋ ಒಂದು ಹಳೆಯ ಮನೆಯ ಮೊದಲನೆಯ ಮಹಡಿಯಲ್ಲಿತ್ತು. ಬಾಗಿಲ ಮೇಲಿನ ಮಾವಿನ ತೋರಣ ಒಣಗಿ ಗರಿಗರಿಯಾಗಿತ್ತು. ಶನಿವಾರವಾದ್ದರಿಂದ ಒಳಗೆ ಇದ್ದವರು ಇಬ್ಬರೇ. ಮಾಲೀಕ ವಸಿಷ್ಠ, ಅವರ ಮ್ಯಾನೇಜರ್ ಪ್ರಮೋದ್.

ವಸಿಷ್ಠ ನಲವತ್ತು ದಾಟಿದ, ಜಯನಗರದ ಹಳೆಯ ಮನೆತನದ ಮನುಷ್ಯ. ಮೆತ್ತನೆಯ ಮಾತು, ಆದರೆ ಒಂದು ಸಲ ಮನಸ್ಸಿಗೆ ಬಂದದ್ದನ್ನು ಬಿಡದ ಹಟ. ಪ್ರಮೋದ್ ಅವರಿಗಿಂತ ಚಿಕ್ಕವನು, ಬೀಗ, ಬಾಗಿಲು, ಸಾಮಾನು ಎಲ್ಲ ಅವನದೇ ಉಸ್ತುವಾರಿ. ಸಿದ್ಧಾರ್ಥನ ಹೆಸರನ್ನು ಮೊದಲು ಎತ್ತಿದವನೂ ಅವನೇ ಎಂಬುದನ್ನು ನಾನು ಮರೆತಿರಲಿಲ್ಲ. ಮರೆಯುವ ಇಷ್ಟವೂ ಇರಲಿಲ್ಲ.

“ಮೇಡಂ, ಸ್ಟೇಷನ್ನಿಗೆ ಹೋಗೋಕೆ ರೆಡಿ ಆಗಿದೀನಿ,” ಎಂದರು ವಸಿಷ್ಠ. “ನನಗೂ ಖುಷಿ ಇಲ್ಲ. ಆದ್ರೆ ಏನ್ ಮಾಡ್ಲಿ?”

“ಒಂದು ಪ್ರಶ್ನೆ ಸಾರ್. ಆಯುಧ ಪೂಜೆ ದಿನ ಮೆಷಿನ್‌ಗಳಿಗೆ ಕುಂಕುಮ ಇಟ್ಟಿದ್ದು ಯಾರು?”

“ನಾನೇ. ಯಾಕೆ?”

“ಈ ಕಾರ್ಡ್‌ಗೂ ಇಟ್ರಾ?”

ವಸಿಷ್ಠ ಸ್ವಲ್ಪ ನಾಚಿಕೊಂಡರು. “ಇಟ್ಟೆ ಮೇಡಂ. ಕಂಪ್ಯೂಟರ್ ಡಬ್ಬದ ಸೈಡ್ ತೆಗ್ದು, ಫ್ಯಾನ್ ಸುತ್ತ ಚೆನ್ನಾಗೇ ಇಟ್ಟೆ. ಬಿಸಿಯಾಗೋ ಕಾರ್ಡು, ಸ್ವಲ್ಪ ತಣ್ಣಗಿರ್ಲಿ ಅಂತ.”

“ಅದರ ಹಿಂದಿನ ದಿನ ಕಾರ್ಡ್ ಕೆಲಸ ಮಾಡ್ತಿತ್ತಾ?”

“ಫಸ್ಟ್ ಕ್ಲಾಸಾಗಿ. ಪೂಜೆ ದಿನ ಯಾವ್ದನ್ನೂ ಆನ್ ಮಾಡ್ಲಿಲ್ಲ. ರಜೆ ಮುಗಿಸ್ಕೊಂಡ್ ಬಂದು ಹಾಕಿದ್ರೆ ಹಿಂಗಾಗಿತ್ತು.”

“ಕುಂಕುಮ ಎಲ್ಲಿಂದ ತಂದ್ರಿ?”

“ನಮ್ಮಮ್ಮ ಮನೇಲೇ ಮಾಡ್ತಾರೆ. ಅಂಗಡೀದು ಹಣೆ ಸುಡುತ್ತೆ ಅಂತಾರೆ.”

ಅತ್ತಿಗೆ ನನ್ನತ್ತ ನೋಡಲಿಲ್ಲ. ನೋಡಿದ್ದರೆ ನಾನು ಕುಣಿದುಬಿಡುತ್ತಿದ್ದೆನೆಂದು ಅವರಿಗೆ ಗೊತ್ತು.

ಪೆಟ್ಟಿಗೆ ತೆರೆದು ಹೀಟ್‌ಸಿಂಕನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ದೇವರ ಮುಂದಿದ್ದ ಕುಂಕುಮದ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು ಕಾಗದದ ಮೇಲೆ ಉದುರಿಸಿ, ಕೈಚೀಲದಿಂದ ಉಳಿದರ್ಧ ನಿಂಬೆಹಣ್ಣು ತೆಗೆದು ಹಿಂಡಿದರು. ಹಳದಿಯಾಯಿತು. ಹೀಟ್‌ಸಿಂಕಿನ ಕಲೆಯಿಂದ ಚೂರು ಕೆರೆದು ಅದಕ್ಕೂ ಹಿಂಡಿದರು. ಅದೂ ಹಳದಿಯಾಯಿತು.

“ನಿಮ್ಮ ತಾಯಿ ಮಾಡಿದ ಕುಂಕುಮ ಈ ಹೀಟ್‌ಸಿಂಕಿನ ಅಡಿಯಲ್ಲಿದೆ ಸಾರ್. ಪೂಜೆ ಆದ್ಮೇಲೆ ಯಾರೋ ಇದನ್ನ ಬಿಚ್ಚಿದಾರೆ.”

“ಅದ್ಹೆಂಗ್ ಹೇಳ್ತೀರ ಮೇಡಂ?” ಎಂದ ಪ್ರಮೋದ್ ಥಟ್ಟನೆ. “ಸಾರ್ ಫ್ಯಾನ್ ಮೇಲೆ ಇಟ್ಟಿದ್ದು. ಫ್ಯಾನ್ ತಿರುಗಿದ್ರೆ ಒಳಗೆ ಹೋಗಲ್ವಾ?”

“ಹೋಗುತ್ತೆ ಅಂತೀರಾ? ಕಿಟ್ಟಿ, ಆ ಕಾರ್ಡ್ ಕೊಡು.”

ನಾನು ಹೊಸ ಹೀಟ್‌ಸಿಂಕ್ ಬಿಗಿದ ಕಾರ್ಡನ್ನು ಕೊಟ್ಟೆ. ಅತ್ತಿಗೆ ಒಂದು ತೆಳ್ಳನೆಯ ಕಾಗದದ ಚೂರನ್ನು ಪ್ರಮೋದ್ ಕೈಗಿಟ್ಟರು.

“ಇದನ್ನ ಚಿಪ್‌ಗೂ ಹೀಟ್‌ಸಿಂಕ್‌ಗೂ ಮಧ್ಯೆ ತೂರ್ಸಿ ನೋಡೋಣ.”

ಅವನು ಈ ಕಡೆಯಿಂದ ಪ್ರಯತ್ನಿಸಿದ. ಆ ಕಡೆಯಿಂದ ಪ್ರಯತ್ನಿಸಿದ. ಕಾಗದ ಮಡಿಚಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ. ಅವನ ಮೂಗಿನ ತುದಿಯಲ್ಲಿ ಬೆವರು ಕಾಣಿಸಿಕೊಂಡಿತು.

“ಪೂಜೆ ಆದ್ಮೇಲೆ ಬೀಗ ಹಾಕಿದ್ದು ಯಾರು ಪ್ರಮೋದ್?”

“ನಾನೇ. ಬೀಗ ಹಾಕಿ ಹೆಂಡ್ತಿ ಊರು ಕನಕಪುರಕ್ಕೆ ಹೋದೆ. ಬೇಕಾದ್ರೆ ನಮ್ಮ ಮಾವನ್ನ ಕೇಳಿ.”

“ಕೇಳ್ತೀನಿ. ಕೀ?”

“ಯಾವಾಗ್ಲೂ ಇಡೋ ಜಾಗದಲ್ಲೇ. ಕೆಳಗೆ ಮೀಟರ್ ಬೋರ್ಡ್ ಮೇಲೆ. ಎಲ್ರಿಗೂ ಗೊತ್ತು ಮೇಡಂ, ನನ್ ಒಬ್ಬನ ಮೇಲೇ ಯಾಕೆ ಹಾಕ್ತೀರ?”

“ನಿಮ್ ಮೇಲೆ ಹಾಕಿದೆ ಅಂತ ಯಾವಾಗ ಅಂದೆ?”

ಪ್ರಮೋದ್ ಮಡಿಚಿಹೋದ ಕಾಗದದ ಚೂರನ್ನು ಬಿಡಿಸತೊಡಗಿದ. ಆ ಸ್ವಲ್ಪ ಹೊತ್ತು ನನಗೆ ಹೋಳಿಗೆಯೂಟ ಸಿಕ್ಕಷ್ಟು ತೃಪ್ತಿಯಾಯಿತು.

ಅತ್ತಿಗೆ ವಸಿಷ್ಠರ ಕಡೆ ತಿರುಗಿದರು. ದನಿ ತಗ್ಗಿತು. “ಸಿದ್ಧಾರ್ಥ ಪೂಜೆಗೆ ಇರ್ಲಿಲ್ಲ, ಅಲ್ವಾ ಸಾರ್?”

“ಅವ್ನು ಯಾವ ವರ್ಷನೂ ಇರಲ್ಲ. ಅದೇ ಅವ್ರದ್ದು ನಾಗಪುರ…” ವಸಿಷ್ಠ ಅರ್ಧಕ್ಕೆ ನಿಲ್ಲಿಸಿದರು.

“ಎಲ್ರೂ ಕೈಮುಗಿದು ನಿಂತಿದ್ದ ಜಾಗದಲ್ಲಿ ಇಲ್ದೇ ಇದ್ದವನ ಮೇಲೆ ಬೇಗ ಕಣ್ಣು ಬೀಳುತ್ತೆ. ನಾನು ನಿಮ್ಮನ್ನೇ ಅಂತ ಹೇಳ್ತಿಲ್ಲ. ಆದ್ರೆ ಯೋಚ್ನೆ ಮಾಡಿ. ಅವತ್ತು ಅವನು ಇಲ್ಲಿರ್ಲಿಲ್ಲ ಅನ್ನೋದೇ ಈಗ ಅವನನ್ನ ಉಳಿಸ್ತಿದೆ.”

ವಸಿಷ್ಠ ಆ ಹಳದಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಕೆಟ್ಟ ಮನುಷ್ಯರಲ್ಲ. ಮುಖ ಸಣ್ಣದಾಗಿತ್ತು.

“ಎಲ್ಲರ ಮುಂದೆ ಅವ್ನನ್ನ ಕಳ್ಳ ಅಂದ್ಬಿಟ್ಟೆ ಮೇಡಂ,” ಎಂದರು. “ಒಂದು ಮಾತೂ ತಿರುಗಿ ಆಡ್ಲಿಲ್ಲ ಅವ್ನು. ಕಂಪ್ಲೇಂಟೂ ಬೇಡ, ಏನೂ ಬೇಡ. ಅವ್ನ ಮನೆ ಎಲ್ಲಿ? ನಾನೇ ಹೋಗಿ ಕರೀತೀನಿ.”

ನನಗೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಕಾರ್ಡನ್ನು ಡಬ್ಬಕ್ಕೆ ಸಿಕ್ಕಿಸುವ ನೆಪ ಮಾಡಿಕೊಂಡು ಬಗ್ಗಿದೆ. ಹೊಸ ಹೀಟ್‌ಸಿಂಕಿನೊಂದಿಗೆ ಅವರ ಮೆಷಿನ್ನೂ ಎದ್ದು ನಿಂತಿತು. ನಿಂತುಹೋಗಿದ್ದ ಅವರ ಕೆಲಸ, ನಿಧಾನವಾಗಿಯಾದರೂ ಸರಿ, ಸದ್ಯಕ್ಕೆ ಸಾಗುವಂತಾಯಿತು.

ಹೊಸಕೆರೆಹಳ್ಳಿಗೆ ವಸಿಷ್ಠರ ಕಾರಿನಲ್ಲೇ ಹೋದೆವು. ದಾರಿಯಲ್ಲಿ ಅವರು ಇಳಿದು ಮೈಸೂರ್ ಪಾಕ್ ಕಟ್ಟಿಸಿಕೊಂಡರು, ಮತ್ತೆ ಹತ್ತುವಾಗ ಸಾಲದೆನಿಸಿತೋ ಏನೋ, ಹೋಗಿ ಬಾದುಷಾವನ್ನೂ ಕಟ್ಟಿಸಿಕೊಂಡರು.

“ಸಾರ್, ಅವ್ರ ಮನೇಲಿ ಈ ವಿಷಯ ಗೊತ್ತಿಲ್ಲ,” ಎಂದು ಅತ್ತಿಗೆ ಎಚ್ಚರಿಸಿದರು. “ರಜೆ ಅಂತ ಹೇಳಿದಾನೆ. ಅವ್ರಮ್ಮನ ಮುಂದೆ ಕಳ್ಳತನದ ಮಾತು ಎತ್ಬೇಡಿ.”

“ಖಂಡಿತ ಇಲ್ಲ.”

ಸಿದ್ಧಾರ್ಥನ ಮನೆ ಬೀದಿಯ ಕೊನೆಯಲ್ಲಿತ್ತು. ತಿಳಿನೀಲಿ ಗೋಡೆ, ಬಾಗಿಲಲ್ಲಿ ಪಂಚಶೀಲದ ಬಣ್ಣಬಣ್ಣದ ಪಟ್ಟಿ, ಒಳಗೆ ಬುದ್ಧನ ಬಿಳಿಯ ಮೂರ್ತಿ. ಅವನ ತಾಯಿ ಕೆಂಪಕ್ಕ ಕಾರು ನಿಂತದ್ದನ್ನು ನೋಡಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

“ಬನ್ನಿ ಬನ್ನಿ, ಒಳೀಕ್ ಬನ್ನಿ! ಸಿದ್ದೂ, ಯಾರ್ ಬಂದವ್ರೆ ನೋಡು!”

ಸಿದ್ಧಾರ್ಥ ಒಳಗಿನಿಂದ ಬಂದವನು ವಸಿಷ್ಠರನ್ನು ನೋಡಿ ನಿಂತಲ್ಲೇ ನಿಂತ. ನಾನು ಹೆಬ್ಬೆರಳೆತ್ತಿ ಕಣ್ಣು ಮಿಟುಕಿಸಿದೆ. ವಸಿಷ್ಠ ಅವನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡರು.

“ಸೋಮವಾರದಿಂದ ಬಂದ್ಬಿಡು ಸಿದ್ಧಾರ್ಥ. ಎಲ್ಲಾ ಸರಿಹೋಯ್ತು. ನಂದೇ ತಪ್ಪು.”

“ಸಾರ್…” ಎಂದ ಅಷ್ಟೇ. ಕುಣಿದಾಡುತ್ತಾನೆಂದು ನಾನು ಎಣಿಸಿದ್ದೆ. ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಪಾಪ, ಇಷ್ಟು ದಿನದ ಸಂಕಟ ಒಮ್ಮೆಗೇ ಇಳಿದರೆ ಕುಣಿಯಲು ಮನಸ್ಸು ಎಲ್ಲಿರುತ್ತದೆ ಎಂದುಕೊಂಡೆ.

ಕೆಂಪಕ್ಕ ಎಲ್ಲರನ್ನೂ ಕೂರಿಸಿ ಲೋಟ ತುಂಬ ಶಾವಿಗೆ ಪಾಯಸ ಕೊಟ್ಟರು. ಏಲಕ್ಕಿ ಹದವಾಗಿತ್ತು, ದ್ರಾಕ್ಷಿ ಧಾರಾಳವಾಗಿತ್ತು. ಅತ್ತಿಗೆ ಎರಡನೆಯ ಲೋಟಕ್ಕೂ ಬೇಡವೆನ್ನಲಿಲ್ಲ. ಇನ್ನು ನಿಜವಾದ ಕಳ್ಳನನ್ನು ಹಿಡಿಯುವುದೊಂದೇ ಬಾಕಿ, ಅದು ಕನಕಪುರದ ದಾರಿಯಲ್ಲಿದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅಷ್ಟು ನೆಮ್ಮದಿಯ ಮಧ್ಯಾಹ್ನವನ್ನು ನಾನು ಇತ್ತೀಚೆಗೆ ಕಂಡಿರಲಿಲ್ಲ.

“ನಿಮ್ಮ ಮಗ ತುಂಬಾ ಒಳ್ಳೇ ಕೆಲಸಗಾರ ಅಮ್ಮ,” ಎಂದರು ವಸಿಷ್ಠ, ಹೇಗಾದರೂ ಮಾಡಿ ತಮ್ಮ ತಪ್ಪನ್ನು ತೊಳೆದುಕೊಳ್ಳುವ ಉಮೇದಿನಲ್ಲಿ. “ಅವನಂಥವ್ರು ಸಿಗೋದು ಕಷ್ಟ.”

ಕೆಂಪಕ್ಕನ ಮುಖ ಅರಳಿತು.

“ಅದ್ನೇ ನಾನೂ ಹೇಳದು ಸಾರ್. ನಿಮ್ ಕೆಲ್ಸ ಅಂದ್ರೆ ಪ್ರಾಣ ಬಿಡ್ತಾನೆ ನಮ್ಮುಡ್ಗ. ನೋಡಿ, ಈ ಸಲ ನಾಗಪುರುಕ್ಕೂ ಬರ್ನಿಲ್ಲ. ರೈಲ್ ಹತ್ಸಕ್ಕೆ ಬಂದವ್ನು, ಆಪೀಸಲ್ಲಿ ಅರ್ಜೆಂಟ್ ಕೆಲ್ಸ ಅದೆ ಅಂತ ಅಲ್ಲಿಂದ್ಲೇ ವಾಪಸ್ ಹೊಂಟೋದ. ಅವ್ನ ಸೀಟ್ನಾಗೆ ನಮ್ಮಕ್ಕ ಕಾಲ್ ಚಾಚ್ಕೊಂಡ್ ಮಲ್ಗಿದ್ಲು. ಆಯುದ್‌ಪೂಜೆ ದಿನಾನೂ ನಿಮ್ ಆಪೀಸಲ್ಲೇ ಇದ್ನಂತೆ ಸಾರ್, ಪೋನ್ ಮಾಡ್ದಾಗ ಅವ್ನೇ ಹೇಳ್ದ.”

ನಾನು ಪಾಯಸದ ಲೋಟವನ್ನು ಪಕ್ಕಕ್ಕೆ ಸರಿಸಿದೆ.

ವಸಿಷ್ಠರ ಕೈ ಲೋಟದ ಸುತ್ತ ನಿಂತುಬಿಟ್ಟಿತ್ತು. ಅತ್ತಿಗೆ ನಿಧಾನವಾಗಿ ಸಿದ್ಧಾರ್ಥನ ಕಡೆ ತಿರುಗಿದರು. ಟಿಕೆಟ್ಟಿನ ಮೇಲಿನ ಹೆಸರನ್ನು ನೋಡಿದ್ದೆವೇ ಹೊರತು, ರೈಲಿನಲ್ಲಿ ಕೂತವರು ಯಾರೆಂದು ನೋಡಿರಲಿಲ್ಲ ನಾವು.

“ಅಲ್ಲಿ ಇದ್ದ್ಯಾ ಸಿದ್ಧಾರ್ಥ?” ಎಂದರು.

ಅವನು ತಾಯಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

“ಇದ್ದೆ ಮೇಡಂ.”

“ಪೂಜೆ ಆದ್ಮೇಲೆ?”

“ಹೂಂ. ಎಲ್ರೂ ಹೋದ್ಮೇಲೆ. ಬೋರ್ಡನ್ನ ನಾನು ಕದ್ದಿಲ್ಲ. ಆದ್ರೆ ನಾನು ಅಲ್ಲಿ ಒಬ್ಬನೇ ಇರ್ಲಿಲ್ಲ. ಯಾರಿದ್ರು ಅಂತ ಮಾತ್ರ ಕೇಳ್ಬೇಡಿ, ನಾನು ಹೇಳಲ್ಲ.”

“ಸಿದ್ಧಾರ್ಥ, ಹುಚ್ಚನ ಥರ ಆಡ್ಬೇಡ!” ಎಂದೆ ನಾನು. “ಹೆಸರು ಹೇಳು ಮಗಾ!”

ಅವನು ತಲೆಯಾಡಿಸಿದ.

ವಸಿಷ್ಠ ಲೋಟವನ್ನು ಕೆಳಗಿಟ್ಟು ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟುಕೊಂಡರು.

“ಪ್ರಮೋದ್, ಹೊರಡು. ಪೊಲೀಸ್ ಸ್ಟೇಷನ್ ಹತ್ರ ಸಿಗು,” ಎಂದದ್ದು ಒಳಗೆ ಕೂತ ನಮಗೆಲ್ಲ ಕೇಳಿಸಿತು.

ಕಾರು ಹೊರಟ ಸದ್ದಿಗೆ ಕೆಂಪಕ್ಕ ಬೆಚ್ಚಿದರು. ಪಾಯಸದ ಪಾತ್ರೆ ಇನ್ನೂ ಅವರ ಕೈಯಲ್ಲೇ ಇತ್ತು. ಮಗನನ್ನು ನೋಡಿದರು, ಅತ್ತಿಗೆಯನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

“ಟೇಸನ್ ಯಾಕಪ್ಪಾ? ನಾನೇನಾರ ತಪ್ಪಂದ್ನಾ?”